ಗಾಳಿಯಲ್ಲಿ ಹಾಜರಿ

ಮೂವತ್ತು ವರ್ಷಗಳಿಗೂ ಮಿಕ್ಕು ಮೇಷ್ಟ್ರಾಗಿದ್ದವನಿಗೆ ಹಾಜರಿ ಕೂಗುವ ಚಟ ಅಷ್ಟು ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಕೊನೆಯ ಬೆಂಚಿನಲ್ಲಿ ಕುಳಿತ ಒಬ್ಬನೇ ಹುಡುಗ ಮೂವರ ಹೆಸರಿಗೆ ಮೂರು ಕಂಠಗಳಲ್ಲಿ 'ಎಸ್ ಸಾರ್' ಎನ್ನುವುದುಂಟು. ಕಾಲೇಜುಗಳಲ್ಲಿ ಇದಕ್ಕೆ ಪ್ರಾಕ್ಸಿ ಎಂದು ಹೆಸರು. ಅಂಥ ಕಂಠಗಳನ್ನು ತಲೆಯೆತ್ತದೆಯೇ ಹಿಡಿಯುವ ಕಲೆ ನನಗೆ ಸಿದ್ಧಿಸಿದೆ ಎಂಬ ಸಣ್ಣ ಹೆಮ್ಮೆಯೊಂದು ನನಗಿತ್ತು. ಆ ಹೆಮ್ಮೆ ಮುರಿದದ್ದು 2020ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ, ನಿವೃತ್ತನಾದ ಮೇಲೆ, ನನ್ನ ಮನೆಯ ನಡುಮನೆಯಲ್ಲಿ.

ಅದು ಕೊರೋನಾ ಕಾಲ. ಸಾಹಿತ್ಯ ಗೋಷ್ಠಿಗಳೆಲ್ಲ ಪರದೆಯ ಮೇಲೆ ನಡೆಯುತ್ತಿದ್ದವು. ಅಂಥದೊಂದರಲ್ಲಿ ನಾನು ಪಂಪನನ್ನು ಕುರಿತು ಮಾತನಾಡುತ್ತಿದ್ದಾಗ ನನ್ನ ಧ್ವನಿ ಮತ್ತೆ ಮತ್ತೆ ಕಡಿದುಹೋಯಿತು. ಕರ್ಣನ ಪ್ರಸಂಗ ಬರುವ ಹೊತ್ತಿಗೆ ನನ್ನ ಮುಖವೂ ಪರದೆಯಿಂದ ಮಾಯವಾಯಿತಂತೆ. ಬೆಂಗಳೂರಿನಲ್ಲಿರುವ ಮಗನಿಗೆ ಫೋನು ಮಾಡಿದೆ. "ನಮ್ಮ ವೈ-ಫೈಯನ್ನು ಇನ್ನಾರೋ ಉಪಯೋಗಿಸುತ್ತಿರಬಹುದು. ಯಾರು ಯಾರಿದ್ದಾರೆ, ಒಂದು ಸಲ ನೋಡಿಬಿಡಿ ಅಪ್ಪ" ಎಂದ.

ನೋಡುವ ಬಗೆಯನ್ನೂ ಅವನೇ ಹೇಳಿಕೊಟ್ಟ. ಮೂಲೆಯಲ್ಲಿ ಹಸಿರು ದೀಪ ಮಿನುಗಿಸುತ್ತ ಕೂರುವ ರೂಟರ್ ಎಂಬ ಪೆಟ್ಟಿಗೆಯನ್ನು ಮಗುಚಿದರೆ ಅದರ ಬೆನ್ನ ಮೇಲೊಂದು ಚೀಟಿ. ಅದರಲ್ಲಿ 192.168.1.1 ಎಂಬ ಅಂಕಿಗಳು. ಪೇಟೆಯ ಬಡಾವಣೆಗಳಿಗೆ ಅಂಚೆಯ ಪಿನ್‌ಕೋಡು ಇರುವಂತೆ ಅದು ಆ ಪೆಟ್ಟಿಗೆಯ ಒಳವಿಳಾಸ. ಅಲ್ಲಿಗೆ ಹೋದರೆ ಹೆಸರು ಕೇಳುತ್ತದೆ, ಗುಟ್ಟಿನ ಪದ ಕೇಳುತ್ತದೆ. ಹೆಸರು 'ಅಡ್ಮಿನ್', ಗುಟ್ಟಿನ ಪದವೂ 'ಅಡ್ಮಿನ್'. ಎರಡೂ ಆ ಚೀಟಿಯಲ್ಲೇ ಅಚ್ಚಾಗಿದ್ದವು. ಊರಿಗೆ ಹೋಗುವಾಗ ಬೀಗದ ಕೈಯನ್ನು ಬೀಗಕ್ಕೇ ಕಟ್ಟಿ ಹೋದ ಹಾಗೆ ವರ್ಷಗಟ್ಟಲೆ ಇದ್ದೆನಲ್ಲಾ ಎಂದು ನಾಚಿಕೆಯಾಯಿತು. ಒಳಗೆ ಒಂದು ಪಟ್ಟಿಯಿತ್ತು. ಆ ಕ್ಷಣದಲ್ಲಿ ನಮ್ಮ ಮನೆಯ ಅಲೆಗಳನ್ನು ಬಳಸುತ್ತಿದ್ದ ಯಂತ್ರಗಳ ಪಟ್ಟಿ. ಅಂದರೆ ಹಾಜರಿ ಪುಸ್ತಕವೇ. ಪ್ರತಿಯೊಂದು ಯಂತ್ರಕ್ಕೂ ಹನ್ನೆರಡು ಅಕ್ಷರ-ಅಂಕಿಗಳ ಒಂದು ಗುರುತು. ಅದರ ಮೊದಲರ್ಧ ತಯಾರಿಸಿದ ಕಂಪನಿಯನ್ನು ಹೇಳುತ್ತದೆ. ಉಳಿದರ್ಧ ಆ ಯಂತ್ರದ್ದೇ ಸ್ವಂತ. ಗೋತ್ರ, ಹೆಸರು ಎರಡೂ ಸೇರಿದಂತೆ ಎನ್ನೋಣ.

ನಮ್ಮ ಮನೆಯಲ್ಲಿ ಇಬ್ಬರೇ. ನಮ್ಮಿಬ್ಬರ ಫೋನುಗಳು, ಒಂದು ಲ್ಯಾಪ್‌ಟಾಪು, ಒಂದು ಟಿ.ವಿ., ಮಗ ತಾಯಿಗೆ ಕೊಡಿಸಿದ ಟ್ಯಾಬ್ಲೆಟ್ಟು—ಒಟ್ಟು ಐದು. ಪಟ್ಟಿಯಲ್ಲಿ ಆರು ಸಾಲುಗಳಿದ್ದವು. ಒಂದೊಂದು ಯಂತ್ರದ ಗುರುತನ್ನೂ ಕಾಗದದ ಮೇಲೆ ಬರೆದುಕೊಂಡು ತಾಳೆ ನೋಡಿದೆ. ನಾಲ್ಕು ಹೊಂದಿದವು. ಎರಡು ಹೊಂದಲಿಲ್ಲ. ನನ್ನ ಮನೆಯ ಗಾಳಿಯಲ್ಲಿ ಇನ್ನಾರೋ ಇಬ್ಬರು ಕುಳಿತು 'ಎಸ್ ಸಾರ್' ಎನ್ನುತ್ತಿದ್ದರು.

ಆ ಇಬ್ಬರು ಯಾರೆಂಬುದು ತಿಳಿಯುವುದಕ್ಕೆ ನನಗೆ ನಾಲ್ಕು ದಿನ ಹಿಡಿಯಿತು. ಅದನ್ನು ಆಮೇಲೆ ಹೇಳುತ್ತೇನೆ. ಆ ನಾಲ್ಕು ದಿನಗಳಲ್ಲಿ ನನ್ನನ್ನು ಕಾಡಿದ ಪ್ರಶ್ನೆ ಮಾತ್ರ ನನ್ನೊಬ್ಬನದಲ್ಲ, ನಿಸ್ತಂತು ಹುಟ್ಟಿದಂದಿನಿಂದ ಇರುವಂಥದು. ಗಾಳಿಯಲ್ಲಿ ಯಾರಿದ್ದಾರೆ? ಇರಲು ಅವರಿಗೆ ಅಪ್ಪಣೆ ಕೊಟ್ಟವರು ಯಾರು?

ಕಲ್ಕತ್ತೆಯ ಟೌನ್ ಹಾಲಿನಲ್ಲಿ 1895ರಲ್ಲಿ ಜಗದೀಶಚಂದ್ರ ಬೋಸರು ಕಣ್ಣಿಗೆ ಕಾಣದ ಅಲೆಗಳನ್ನು ಗೋಡೆಗಳ ಮೂಲಕ ಹಾಯಿಸಿ ಆಚೆಯ ಕೋಣೆಯಲ್ಲಿ ಗಂಟೆ ಬಾರಿಸಿದರು, ಸಿಡಿಮದ್ದು ಸಿಡಿಸಿದರು. ಈ ಅಲೆಗಳಿಗೆ ಗೋಡೆ ಅಡ್ಡಿಯಲ್ಲ ಎಂಬುದೇ ಅಂದಿನ ಬೆರಗು. ಅದೇ ತೊಂದರೆಯೂ ಆಗಬಲ್ಲುದೆಂಬುದು ಜನಕ್ಕೆ ತಿಳಿಯಲು ಎಂಟು ವರ್ಷ ಬೇಕಾಯಿತು.

1903ನೆಯ ಇಸವಿ ಜೂನ್ 4ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರೊಫೆಸರ್ ಫ್ಲೆಮಿಂಗ್ ಅವರ ಉಪನ್ಯಾಸ. ದೂರದ ಕಾರ್ನ್‌ವಾಲಿನ ಪೋಲ್ಡುವಿನಲ್ಲಿ ಮಾರ್ಕೋನಿ ಕುಳಿತಿದ್ದಾನೆ. ಅಲ್ಲಿಂದ ಅವನು ಕಳಿಸುವ ಸಂದೇಶವನ್ನು ಸಭೆಯೆದುರಿಗೇ ಹಿಡಿದು ತೋರಿಸಬೇಕು. ತನ್ನ ಯಂತ್ರಗಳನ್ನು ಬೇಕಾದ ಅಲೆಗೆ ಶ್ರುತಿಗೂಡಿಸಬಹುದು, ಹಾಗೆ ಶ್ರುತಿಗೂಡಿಸಿದ ಮೇಲೆ ಅನ್ಯರು ನಡುವೆ ಬರಲಾರರು, ಕದ್ದು ಕೇಳಲಾರರು ಎಂದು ಮಾರ್ಕೋನಿ ಸಾರಿಕೊಂಡಿದ್ದ. ಉಪನ್ಯಾಸ ನಡೆಯುತ್ತಿದ್ದಂತೆ ಸಭಾಂಗಣದ ದೀಪಯಂತ್ರದಲ್ಲಿ ಟಿಕ್ ಟಿಕ್ ಎಂಬ ಸದ್ದು ಹುಟ್ಟಿತು. ಫ್ಲೆಮಿಂಗರಿಗೆ ಕಿವಿ ಮಂದ. ಅವರ ಪಾಡಿಗೆ ಅವರು ಮಾತನಾಡುತ್ತಲೇ ಇದ್ದರು. ಅವರ ಸಹಾಯಕ ಆರ್ಥರ್ ಬ್ಲಾಕ್‌ಗೆ ಮೋರ್ಸ್ ಸಂಕೇತ ಚೆನ್ನಾಗಿ ಗೊತ್ತಿತ್ತು. ಆ ಸದ್ದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿತ್ತು: ಇಲಿಗಳು, ಇಲಿಗಳು, ಇಲಿಗಳು. ಇದರ ಬೆನ್ನಿಗೆ ಇಟಲಿಯ ತರುಣನೊಬ್ಬ ಜನರಿಗೆ ಟೋಪಿ ಹಾಕಿದನೆಂಬ ಅರ್ಥದ ಒಂದು ಕುಚೋದ್ಯದ ಪದ್ಯ ಬಂತು. ಮಾರ್ಕೋನಿಯ ಸಂದೇಶ ಬರುವ ವೇಳೆಗೆ ಸರಿಯಾಗಿ ಅದು ನಿಂತಿತು. ಸಭಿಕರಲ್ಲಿ ಬಹಳ ಮಂದಿಗೆ ಏನೂ ತಿಳಿಯಲಿಲ್ಲ.

ಫ್ಲೆಮಿಂಗರು 'ಟೈಮ್ಸ್' ಪತ್ರಿಕೆಗೆ ಸಿಟ್ಟಿನಿಂದ ಬರೆದರು. ಈ ಪುಂಡಾಟ ಮಾಡಿದವನನ್ನು ಹುಡುಕಿಕೊಡಿರೆಂದು ಓದುಗರನ್ನು ಕೇಳಿಕೊಂಡರು. ಹುಡುಕುವ ಕಷ್ಟವೇ ಬರಲಿಲ್ಲ. ಕೆಲವೇ ದಿನಗಳಲ್ಲಿ ನೆವಿಲ್ ಮಾಸ್ಕಲೀನ್ ಎಂಬಾತ ತಾನೇ ಮಾಡಿದ್ದೆಂದು ಅದೇ ಪತ್ರಿಕೆಗೆ ಬರೆದ. ಅವನದು ಇಂದ್ರಜಾಲದ ಮನೆತನ. ಸಮೀಪದಲ್ಲೇ ಇದ್ದ ತಂದೆಯ ನಾಟಕಶಾಲೆಯಿಂದ ಈ ಆಟ ಆಡಿದ್ದ. ಅವನ ಬೆನ್ನ ಹಿಂದೆ ಸಮುದ್ರದಡಿಯ ತಂತಿಯನ್ನು ನಂಬಿ ಬದುಕುತ್ತಿದ್ದ ತಂತಿ ಕಂಪನಿಯೂ ಇತ್ತೆಂಬುದನ್ನು ಮರೆಯುವಂತಿಲ್ಲ. ಹಾಗಾಗಿ ಅವನನ್ನು ಸತ್ಯಶೋಧಕನೆಂದು ಪೂಜಿಸಲು ನಾನು ಸಿದ್ಧನಿಲ್ಲ. ಆದರೆ ಅವನು ಹೇಳಿದ್ದು ನಿಜ. ಗುಟ್ಟಾಗಿದೆ ಎಂದು ಹೇಳಿಕೊಂಡಿದ್ದ ವ್ಯವಸ್ಥೆಯಲ್ಲಿ ಗುಟ್ಟಿರಲಿಲ್ಲ.

ಅಲ್ಲಿಂದ ಮುಂದೆ ಗಾಳಿಗೆ ಕಾವಲು ಹಾಕುವ ಕೆಲಸವನ್ನು ಸರ್ಕಾರಗಳು ವಹಿಸಿಕೊಂಡವು. ನಮ್ಮ ದೇಶದಲ್ಲಿ 1927ರ ಜುಲೈ 23ರಂದು ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಪ್ರಸಾರ ಆರಂಭವಾದಾಗ ಕೇಳುಗನು ವರ್ಷಕ್ಕೆ 10 ರೂಪಾಯಿಯ ಲೈಸೆನ್ಸು ಪಡೆಯಬೇಕಾಗಿತ್ತು. ಮೂರು ವರ್ಷ ಕಳೆದರೂ ಲೈಸೆನ್ಸುಗಳ ಸಂಖ್ಯೆ ಎಂಟು ಸಾವಿರ ಮುಟ್ಟಲಿಲ್ಲ. 1930ರಲ್ಲಿ ಕಂಪನಿ ಬಾಗಿಲು ಹಾಕಿತು. ಹಣ ಕೊಡದೆ ಕೇಳುವವರನ್ನು ಹಿಡಿಯುವ ಉದ್ದೇಶ ಮುಖ್ಯವಾಗಿದ್ದ 1933ರ ಭಾರತೀಯ ನಿಸ್ತಂತು ತಂತಿ ಕಾಯಿದೆ, 1934ರ ಜನವರಿ 1ರಿಂದ ಜಾರಿಗೆ ಬಂತು. ಲೈಸೆನ್ಸಿಲ್ಲದೆ ನಿಸ್ತಂತು ಯಂತ್ರವನ್ನು ಇಟ್ಟುಕೊಂಡಿರುವುದೇ ಅಪರಾಧ. ಮೊದಲ ಸಲಕ್ಕೆ 100 ರೂಪಾಯಿಯವರೆಗೆ ದಂಡ. ಈ ಕಾಯಿದೆಯಲ್ಲಿ ಒಂದು ಮಾತಿದೆ. ಒಬ್ಬನ ಅಧೀನದಲ್ಲಿರುವ ಜಾಗದಲ್ಲಿ ಯಂತ್ರ ಸಿಕ್ಕಿದರೆ ಅದು ಅವನ ವಶದಲ್ಲಿದೆಯೆಂದೇ ನ್ಯಾಯಾಲಯ ಭಾವಿಸಬಹುದು. ಅಂದರೆ ಮನೆಯೊಳಗಿನ ಗಾಳಿಗೆ ಮನೆಯ ಯಜಮಾನನೇ ಉತ್ತರವಾದಿ. ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಎಪ್ಪತ್ತೈದು ವರ್ಷಗಳ ಮೇಲೆ ಇದೇ ಪ್ರಶ್ನೆ ಬೇರೊಂದು ವೇಷದಲ್ಲಿ ಬರುತ್ತದೆ.

ಕಾಯಿದೆಯ ಕಾಲದಲ್ಲೂ ಗಾಳಿಯನ್ನು ಉಪಯೋಗಿಸಿದವರೆಲ್ಲ ಕಾಯಿದೆಯನ್ನು ಕೇಳಿ ಉಪಯೋಗಿಸಲಿಲ್ಲ. 1935ರಲ್ಲಿ ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಒಂದು ಪುಟ್ಟ ನಿಲಯ ನಡೆಸಿದರು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದು ಅಲ್ಲಿ. ಮುಂದೆ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. ಆ ಹೆಸರನ್ನು ದೇಶವೇ ವಹಿಸಿಕೊಂಡಿತು. ಮೇಷ್ಟ್ರೊಬ್ಬರ ಮನೆಯ ನಿಸ್ತಂತು ಊರಿನವರದೆಲ್ಲ ಆದ ಕಥೆ ಇದು. ಇನ್ನೊಂದು ಕಥೆ ಮುಂಬಯಿಯದು. 1942ರ ಆಗಸ್ಟ್‌ನಲ್ಲಿ ನಾಯಕರೆಲ್ಲ ಸೆರೆಯಾದ ಮೇಲೆ ಇಪ್ಪತ್ತೆರಡು ವರ್ಷದ ಉಷಾ ಮೆಹತಾ ಮತ್ತು ಗೆಳೆಯರು 42.34 ಮೀಟರುಗಳ ಅಲೆಯಲ್ಲಿ ಕಾಂಗ್ರೆಸ್ ರೇಡಿಯೊ ಆರಂಭಿಸಿದರು. ಎಲ್ಲಿಂದ ಎಂದರೆ, ಭಾರತದಲ್ಲಿ ಎಲ್ಲಿಂದಲೋ ಎಂದಷ್ಟೇ ಹೇಳುತ್ತಿದ್ದರು. ಅಲೆಯ ದಿಕ್ಕು ಹಿಡಿದು ಬರುವ ಪೊಲೀಸರಿಂದ ತಪ್ಪಿಸಿಕೊಳ್ಳಲು ಮನೆಯಿಂದ ಮನೆಗೆ ಯಂತ್ರವನ್ನು ಹೊತ್ತೊಯ್ಯುತ್ತಿದ್ದರು. ನವೆಂಬರ್ 12ರಂದು ಸಿಕ್ಕಿಬಿದ್ದರು. ಉಷಾ ಮೆಹತಾರಿಗೆ ನಾಲ್ಕು ವರ್ಷದ ಶಿಕ್ಷೆಯಾಯಿತು. ಸರ್ಕಾರದ ಹಾಜರಿ ಪುಸ್ತಕದಲ್ಲಿ ಅವರ ಹೆಸರಿರಲಿಲ್ಲ ಎಂಬುದು ನಿಜವೇ. ಅವರನ್ನು ಅನಧಿಕೃತರು ಎಂದು ಕರೆಯಲು ನಮ್ಮ ನಾಲಿಗೆ ಏಳುತ್ತದೆಯೆ?

ನನ್ನ ಸ್ವಂತ ನೆನಪು ಇಷ್ಟು ದೊಡ್ಡದಲ್ಲ. ನಮ್ಮ ತಂದೆ ಹಳ್ಳಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ಅರವತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಗೆ ರೇಡಿಯೊ ಬಂದಾಗ ಅದರ ಜೊತೆಯಲ್ಲಿ ಒಂದು ಪುಟ್ಟ ಪುಸ್ತಕವೂ ಬಂತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಅದರಲ್ಲಿ ಚೀಟಿ ಅಂಟಿಸಿಸಿ ಮುದ್ರೆ ಹಾಕಿಸಿಕೊಂಡು ಬರಬೇಕು. ತಂದೆಯವರು ಅದನ್ನು ಪಂಚಾಂಗದ ಜೊತೆಯಲ್ಲೇ ಇಡುತ್ತಿದ್ದರು. ಪಕ್ಕದ ಬೀದಿಯಲ್ಲಿ ಲೈಸೆನ್ಸಿಲ್ಲದ ರೇಡಿಯೊ ಒಂದಿತ್ತು. ತನಿಖೆಯವರು ಬಂದರಂತೆ ಎಂಬ ಸುದ್ದಿ ಹಬ್ಬಿದ ದಿನ ಆ ಮನೆಯವರು ಮಾಳಿಗೆಯ ಮೇಲಿನ ಏರಿಯಲ್ ತಂತಿಯನ್ನು ಕಿತ್ತು, ರೇಡಿಯೊವನ್ನು ರಾಗಿ ಕಣಜದಲ್ಲಿ ಹೂತಿಟ್ಟರು. ತನಿಖೆಯವರು ಬಂದದ್ದನ್ನು ನಾನಂತೂ ಕಾಣಲಿಲ್ಲ. ಆದರೆ ಆ ರೇಡಿಯೊ ಆಮೇಲೆ ಬಹಳ ಕಾಲ ಕೆಮ್ಮುತ್ತಲೇ ಹಾಡಿತು.

ಸಂಜೆಯ ಪ್ರದೇಶ ಸಮಾಚಾರದ ಹೊತ್ತಿಗೆ ನಮ್ಮ ಜಗಲಿಯ ಮೇಲೆ, ಬೀದಿಯ ಮೇಲೆ ಮೂವತ್ತು ನಲವತ್ತು ಜನ ಸೇರುತ್ತಿದ್ದರು. ಹೋಟೆಲಿನಲ್ಲಿ ರೇಡಿಯೊ ಇಟ್ಟರೆ ಬೇರೆ ಲೈಸೆನ್ಸು. ಮನೆಯ ಜಗಲಿಗೆ ಹಾಗೇನೂ ಇರಲಿಲ್ಲ. ಲೈಸೆನ್ಸು ತಂದೆಯವರೊಬ್ಬರ ಹೆಸರಿನಲ್ಲಿ. ಕೇಳುವ ಕಿವಿಗಳು ಇಡೀ ಬೀದಿಯವು. ಯಾರೂ ಯಾರನ್ನೂ ಲೆಕ್ಕ ಹಾಕಲಿಲ್ಲ.

ಎಂಬತ್ತರ ದಶಕದ ಮಧ್ಯಭಾಗಕ್ಕೆ ರೇಡಿಯೊ ಲೈಸೆನ್ಸು ತೆಗೆದುಹೋಯಿತು. ಈ ಮಾತುಗಳನ್ನು ಈಗ ಕೇಳುತ್ತಿರುವ ನಿಮ್ಮನ್ನು ಯಾರೂ ಚೀಟಿ ಪುಸ್ತಕ ತೋರಿಸಿ ಎನ್ನುವುದಿಲ್ಲ. ಹೆಚ್ಚುಕಡಮೆ ಅದೇ ಹೊತ್ತಿಗೆ, 1985ರಲ್ಲಿ, ಅಮೆರಿಕದ ಸಂಪರ್ಕ ಆಯೋಗ ಮೂರು ಅಲೆಪಟ್ಟಿಗಳನ್ನು ಲೈಸೆನ್ಸಿಲ್ಲದ ಬಳಕೆಗೆ ಬಿಟ್ಟುಕೊಟ್ಟಿತು. ಅಡಿಗೆಮನೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವ 2.4 ಗಿಗಾಹರ್ಟ್ಸಿನ ಸುತ್ತಣ ಪಟ್ಟಿ ಅವುಗಳಲ್ಲೊಂದು. ಬೇರೆಯವರಿಗೆ ಬೇಡವಾದ ಬೀಳು ಎನ್ನಬಹುದಾದ ಅದೇ ನೆಲದಲ್ಲಿ ವೈ-ಫೈ ಬೆಳೆಯಿತು. ಅದರ ಮೊದಲ ಮಾನದಂಡ ಸಿದ್ಧವಾದದ್ದು 1997ರಲ್ಲಿ. ವೈ-ಫೈ ಎಂಬ ಹೆಸರು ಬಂದದ್ದು 1999ರಲ್ಲಿ. ನಮ್ಮಲ್ಲಿ 2005ರ ಜನವರಿಯಲ್ಲಿ ಆ ಪಟ್ಟಿಗೆ ಲೈಸೆನ್ಸಿನಿಂದ ವಿನಾಯಿತಿ ಸಿಕ್ಕಿತು. ರಾಗಿ ಕಣಜದಲ್ಲಿ ರೇಡಿಯೊ ಬಚ್ಚಿಡಿಸಿದ 1933ರ ಕಾಯಿದೆಯ ಕೆಳಗೇ ಈ ವಿನಾಯಿತಿಯ ನಿಯಮಗಳೂ ಬಂದವೆಂಬುದು ಒಂದು ಸೊಗಸು.

ಸರ್ಕಾರ ಕಾವಲಿನಿಂದ ಹಿಂದೆ ಸರಿಯಿತು. ಕಾವಲಿನ ಕೆಲಸ ಮುಗಿಯಲಿಲ್ಲ. ಅದು ಸದ್ದಿಲ್ಲದೆ ಮನೆಯವರ ಹೆಗಲಿಗೆ ಬಂತು. ಜೊತೆಗೆ ಅಪಾಯದ ಸ್ವರೂಪವೂ ಬದಲಾಗಿತ್ತು. ಕದ್ದು ರೇಡಿಯೊ ಕೇಳುವವನು ನಮ್ಮಿಂದ ಏನನ್ನೂ ಒಯ್ಯುವುದಿಲ್ಲ. ನಮ್ಮ ವೈ-ಫೈಗೆ ಸೇರಿಕೊಂಡವನು ಕೇಳುವುದಷ್ಟೇ ಅಲ್ಲ, ಮಾತನಾಡುತ್ತಾನೆ; ಮಾತನಾಡುವುದು ನಮ್ಮ ವಿಳಾಸದಿಂದ. ಪ್ರಾಕ್ಸಿ ಎಂದರೆ ಇದು.

ಬೀಗಗಳನ್ನೇನೋ ಮಾಡಿದರು. ತಂತಿಯಷ್ಟೇ ಭದ್ರ ಎಂಬ ಅರ್ಥದ ಹೆಸರಿಟ್ಟುಕೊಂಡು ಬಂದ ಮೊದಲ ಬೀಗ 'ವೆಪ್'. ಅದರಲ್ಲಿನ ಲೋಪವನ್ನು 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ವಿದ್ವಾಂಸರು ತೋರಿಸಿಕೊಟ್ಟರು. 2004ರಲ್ಲಿ ಬಂದ ಎರಡನೆಯ 'ಡಬ್ಲ್ಯುಪಿಎ' ಬಹುಕಾಲ ನಿಂತಿತು. ಈ ನಡುವೆ ಪಾಸ್‌ವರ್ಡು ಬರೆಯಲು ಬೇಸರಪಡುವವರಿಗೆಂದು ಎಂಟು ಅಂಕಿಗಳ ಒಂದು ಸುಲಭೋಪಾಯವನ್ನೂ ರೂಟರುಗಳಲ್ಲಿ ಇಟ್ಟಿದ್ದರು. ಎಂಟು ಅಂಕಿಯೆಂದರೆ ಕೋಟಿ ಕೋಟಿ ಸಾಧ್ಯತೆ ಎಂದು ತೋರುತ್ತದೆ. ಆದರೆ ಯಂತ್ರ ಮೊದಲರ್ಧ ಸರಿಯೇ ಎಂಬುದನ್ನು ಪ್ರತ್ಯೇಕವಾಗಿ ಹೇಳಿಬಿಡುತ್ತಿತ್ತು. ಕೊನೆಯ ಅಂಕಿ ಉಳಿದವುಗಳಿಂದಲೇ ಲೆಕ್ಕ ಹಾಕಿ ಬರುವಂಥದು. ಹಾಗಾಗಿ 11,000 ಪ್ರಯತ್ನಗಳು ಸಾಕೆಂದು 2011ರಲ್ಲಿ ಗೊತ್ತಾಯಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಲ್ಲವೆ? ನಿಮ್ಮ ಮನೆಯ ಪೆಟ್ಟಿಗೆಯಲ್ಲಿ 'ಡಬ್ಲ್ಯುಪಿಎಸ್' ಎಂಬ ಆ ಉಪಾಯ ಇನ್ನೂ ಇದ್ದರೆ ಅದನ್ನು ಆರಿಸಿಬಿಡುವುದು ಒಳ್ಳೆಯದು.

ಬೀಗ ಹಾಕದವರ ಪಾಡು ಏನಾಗಬಹುದೆಂಬುದನ್ನು ನಮ್ಮ ದೇಶ 2008ರಲ್ಲಿ ಕಂಡಿತು. ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿಮನೆಗಳಿಗೆ ಒಂದು ಇ-ಮೇಲ್ ಬಂದಿತ್ತು. ಪೊಲೀಸರು ಅದರ ಜಾಡು ಹಿಡಿದು ಹೋದರೆ, ಸಿಕ್ಕಿದ್ದು ನವಿ ಮುಂಬಯಿಯ ಒಂದು ಫ್ಲ್ಯಾಟು. ಅಲ್ಲಿದ್ದವರು ಅಮೆರಿಕದ ಪ್ರಜೆಯೊಬ್ಬರು. ಅವರ ವೈ-ಫೈಗೆ ಸರಿಯಾದ ಬೀಗವಿರಲಿಲ್ಲ. ಅದನ್ನು ಬಳಸಿಕೊಂಡು ಬೇರೆ ಯಾರೋ ಪತ್ರ ಕಳಿಸಿದ್ದರು. ಅವರನ್ನು ವಿಚಾರಣೆಗೆ ಒಳಪಡಿಸಿದರು, ಗಣಕಯಂತ್ರಗಳನ್ನು ಒಯ್ದರು. ಯಂತ್ರ ಯಾರ ಮನೆಯಲ್ಲಿದೆಯೋ ಅವನೇ ಉತ್ತರವಾದಿ ಎಂಬ 1933ರ ಭಾವನೆ ಕಾಯಿದೆಯ ಪುಟದಿಂದ ಎದ್ದು ಒಬ್ಬ ನಿರಪರಾಧಿಯ ಬಾಗಿಲು ತಟ್ಟಿದಂತಾಯಿತು. ಮರುವರ್ಷ ಮುಂಬಯಿ ಪೊಲೀಸರು ಲ್ಯಾಪ್‌ಟಾಪು ಹಿಡಿದು ಬೀಗವಿಲ್ಲದ ವೈ-ಫೈಗಳನ್ನು ಹುಡುಕಲು ಹೊರಟರು. ಏರಿಯಲ್ ತಂತಿ ಹುಡುಕಿಕೊಂಡು ಬರುವ ತನಿಖೆಯವರ ಕಥೆ ಕೇಳಿ ಬೆಳೆದ ನನಗೆ ಆ ಸುದ್ದಿ ಓದಿ ನಗುವೂ ಬಂತು, ಭಯವೂ ಆಯಿತು.

ಆಗಸ್ಟ್ ತಿಂಗಳ ಆ ಸಂಜೆ ಪಟ್ಟಿಯ ಮುಂದೆ ಕುಳಿತವನ ಮನಸ್ಸಿನಲ್ಲಿದ್ದದ್ದು ಈ ಫ್ಲ್ಯಾಟಿನ ಕಥೆಯೇ. ಗುರುತು ಸಿಗದ ಎರಡು ಸಾಲುಗಳಲ್ಲಿ ಒಂದನ್ನು ತಡೆಹಿಡಿದೆ. ಮರುಕ್ಷಣ ನನ್ನ ಕೈಯಲ್ಲಿದ್ದ ಫೋನೇ ಸ್ತಬ್ಧವಾಯಿತು! ಇತ್ತೀಚಿನ ಫೋನುಗಳು ತಮ್ಮ ನಿಜವಾದ ಗುರುತನ್ನು ಬಚ್ಚಿಟ್ಟುಕೊಂಡು ಮನೆಗೊಂದು ಕೃತಕ ಗುರುತು ಹೇಳುತ್ತವಂತೆ. ಯಾರೂ ಬೆನ್ನು ಹತ್ತಬಾರದೆಂದು 2019ರ ಈಚೆಗೆ ಬಂದ ಏರ್ಪಾಡು. ಅಷ್ಟು ಹೊತ್ತು ನಾನು ಕಳ್ಳನೆಂದು ಹಿಡಿದದ್ದು ನನ್ನನ್ನೇ. ಗುರುತು ತಾಳೆ ನೋಡುವುದಕ್ಕಿಂತ ಒಂದೊಂದೇ ಯಂತ್ರವನ್ನು ಆರಿಸುತ್ತ, ಯಾವ ಸಾಲು ಮಾಯವಾಗುತ್ತದೆ ಎಂದು ನೋಡುವುದೇ ಖಚಿತವಾದ ದಾರಿ ಎಂಬುದು ಆಮೇಲೆ ತಿಳಿಯಿತು.

ಉಳಿದದ್ದು ಒಂದು ಸಾಲು. ಇನ್ನು ತಡೆಹಿಡಿಯುವ ಧೈರ್ಯವಾಗಲಿಲ್ಲ. ಪಾಸ್‌ವರ್ಡನ್ನೇ ಬದಲಾಯಿಸಿದೆ, 'ಅಡ್ಮಿನ್' ಎಂಬುದನ್ನೂ ಬದಲಾಯಿಸಿದೆ. ಹಳಗನ್ನಡದ ಎರಡು ಪದಗಳನ್ನು ಬೆಸೆದು, ನಡುವೆ ಅಂಕಿ ಸೇರಿಸಿ, ಯಾವ ಪುಂಡನೂ ಊಹಿಸಲಾರದಂಥ ಸಮಾಸ ಮಾಡಿದೆ. ನಮ್ಮ ಯಂತ್ರಗಳಿಗೆಲ್ಲ ನಾನೇ ಅದನ್ನು ಬರೆದೆ. ಪಟ್ಟಿಯಲ್ಲಿ ಐದೇ ಸಾಲು ಉಳಿದವು. ತೃಪ್ತಿಯಿಂದ ಮಲಗಿದೆ.

ಮೂರು ದಿನ ಕಳೆದ ಮೇಲೆ ನನ್ನಾಕೆ ಕೇಳಿದಳು: "ಇಸ್ತ್ರಿಯವನ ಮಗಳು ಮೂರು ದಿನದಿಂದ ಬಂದೇ ಇಲ್ಲವಲ್ಲ, ಏನಾದರೂ ಅಂದಿರಾ?"

ನಾನೇನೂ ಅಂದಿರಲಿಲ್ಲ. ಆ ಹುಡುಗಿ ಹತ್ತನೆಯ ತರಗತಿ. ಬೀದಿಯ ತಿರುವಿನಲ್ಲಿ ತಂದೆಯ ಇಸ್ತ್ರಿ ಗಾಡಿ, ಮನೆಗೊಂದೇ ಫೋನು. ಬೆಳಿಗ್ಗೆ ಒಂಬತ್ತರಿಂದ ನಮ್ಮ ಕಾಂಪೌಂಡಿನ ಒಳಗಡೆ, ಸಂಪಿಗೆ ಮರದ ಕಟ್ಟೆಯ ಮೇಲೆ ಕುಳಿತು ಅವಳು ಪಾಠ ಕೇಳುತ್ತಿದ್ದಳಂತೆ. ಆ ಹೊತ್ತಿಗೆ ನಾನು ಹಿಂದಿನ ಕೋಣೆಯಲ್ಲಿ ಪತ್ರಿಕೆ ಓದುತ್ತಿರುತ್ತೇನೆ. ಸಂಜೆ ತಾಯಿಯ ಜೊತೆ ಬಟ್ಟೆ ತಂದುಕೊಟ್ಟು ಮತ್ತೆ ಅರ್ಧಗಂಟೆ ಅಲ್ಲೇ ಕೂರುವುದೂ ಉಂಟಂತೆ. "ಪಾಸ್‌ವರ್ಡು ನಾನೇ ಕೊಟ್ಟಿದ್ದು. ಅದಕ್ಕೂ ನಿಮ್ಮನ್ನು ಕೇಳಬೇಕಿತ್ತೆ?" ಎಂದಳು.

ಪಾಸ್‌ವರ್ಡು ಬದಲಾದ ಮರುದಿನ ಹುಡುಗಿ ಬಂದಿದ್ದಾಳೆ, ಹಳೆಯ ಪದ ಹಾಕಿ ನೋಡಿದ್ದಾಳೆ, ಆಗಲಿಲ್ಲ. ಮೇಷ್ಟ್ರ ಮನೆಯವರಿಗೆ ಇಷ್ಟವಿಲ್ಲವೇನೋ ಎಂದುಕೊಂಡು ಯಾರನ್ನೂ ಕೇಳದೆ ಹೊರಟುಹೋಗಿದ್ದಾಳೆ. ಆ ವಾರ ಅವಳಿಗೆ ಗಣಿತದ ಕಿರುಪರೀಕ್ಷೆಯಿತ್ತು. ಅದರ ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರು ಎಂದು ಬಿದ್ದಿತ್ತು. ಹಾಗೆ ಎಷ್ಟು ಹೆಸರುಗಳ ಮುಂದೆ ನಾನು ಕೆಂಪು ಗೆರೆ ಎಳೆದಿದ್ದೇನೋ, ಕಾರಣ ಕೇಳಿದ್ದು ಎಷ್ಟು ಸಲವೋ.

ಮುಖಗವಸು ಹಾಕಿಕೊಂಡು ಇಸ್ತ್ರಿ ಗಾಡಿಯ ಹತ್ತಿರ ಹೋದೆ. ಹೊಸ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಹುಡುಗಿ ಅದನ್ನು ಓದಿ, "ಇದೇನು ಸಾರ್ ಹೀಗಿದೆ?" ಎಂದಳು. ಆ ಸಮಾಸವನ್ನು ಬಿಡಿಸಿ ಅರ್ಥ ಹೇಳಿದೆ. ಅವಳಪ್ಪ ಇಸ್ತ್ರಿಪೆಟ್ಟಿಗೆಯ ಕೆಂಡ ಕೆದಕುತ್ತ, "ಕೇಳದೆ ಉಪಯೋಗಿಸಿದಳೇನೋ ಅಂತ ನಾನೇ ಬೈದೆ ಸ್ವಾಮಿ" ಎಂದ. ಕೇಳಿಯೇ ಉಪಯೋಗಿಸಿದ್ದಳು, ಕೇಳದೆ ಬದಲಾಯಿಸಿದವನು ನಾನು ಎಂದು ಹೇಳಿದೆ.

ಮಗ ಫೋನಿನಲ್ಲಿ ಇನ್ನೊಂದು ಉಪಾಯ ಹೇಳಿದ. ಅತಿಥಿಗಳಿಗೆಂದೇ ರೂಟರಿನಲ್ಲಿ ಬೇರೊಂದು ಜಾಲ ಮಾಡಿಕೊಡಬಹುದು. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡು. ಅಲ್ಲಿ ಕುಳಿತವರು ನಮ್ಮ ಯಂತ್ರಗಳನ್ನು ಮುಟ್ಟಲಾರರು. ಹಾಗೆಯೇ ಮಾಡಿದೆ. ಅದಕ್ಕೆ 'ಜಗಲಿ' ಎಂದು ಹೆಸರಿಟ್ಟೆ. ತಿಂಗಳ ಮೊದಲನೆಯ ತಾರೀಖು ಪಟ್ಟಿ ನೋಡುವ ಪದ್ಧತಿಯನ್ನು ಈಗಲೂ ಬಿಟ್ಟಿಲ್ಲ. ಪ್ರತಿ ಸಾಲಿನ ಎದುರಿಗೂ ನಮಗೆ ತೋಚಿದ ಹೆಸರು ಬರೆಯಲು ಅಲ್ಲಿ ಜಾಗವಿದೆ. ಆರನೆಯ ಸಾಲಿನ ಎದುರು ಆ ಹುಡುಗಿಯ ಹೆಸರು ಬರೆದೆ. 2021ರ ಜುಲೈಯಲ್ಲಿ ಅವಳು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರುವವರೆಗೆ, ಬೆಳಿಗ್ಗೆ ಒಂಬತ್ತಕ್ಕೆ ಯಾವತ್ತು ನೋಡಿದರೂ ಆ ಸಾಲು ಇರುತ್ತಿತ್ತು.